ಹೆಂಗಸರ ರೈಫಲಿಗೆ ಅಭ್ಯಂಜನ

ಚೀನಾ ಯುದ್ಧ ನಿಂತ ಮರುವರ್ಷ ಜಯನಗರದ ಗಂಡಸರಿಗೆ ಇದ್ದಕ್ಕಿದ್ದಂತೆ ಎದೆ ಉಬ್ಬಿತು. ಅಲ್ಲಿಯವರೆಗೆ ಬಚ್ಚಲಲ್ಲಿ ಹಾವು ಕಂಡರೆ ಹೆಂಡತಿಯನ್ನು ಕೂಗಿ ತಾವು ಮಂಚ ಹತ್ತುತ್ತಿದ್ದ ಮಹನೀಯರು, ಸಂಜೆ ಕಾಫಿ ಕುಡಿಯುತ್ತ ಹಿಮಾಲಯ ಕಾಯುವ ಮಾತಾಡತೊಡಗಿದರು. ನಾಲ್ಕಾರು ಜನ ತೆಂಗಿನ ಚಿಪ್ಪಿಗೆ ಗುರಿಯಿಟ್ಟು ಕಾಲ ಕಳೆಯುತ್ತಿದ್ದ ಬಡಾವಣೆಯ ರೈಫಲ್ ಕ್ಲಬ್ಬಿಗೆ ಹಿಂಡುಹಿಂಡಾಗಿ ಜನ ಸೇರಿದರು. ಹೊಸ ರೈಫಲೊಂದು ಬಂತು. ದೇಶಭಕ್ತಿ ಮನೆಯಿಂದಲೇ ಶುರುವಾಗಬೇಕು ಎಂದು ಯಾರೋ ಭಾಷಣದಲ್ಲಿ ಹೇಳಿ, ಕೇಳಿದವರು ಯೋಚಿಸದೆ ಚಪ್ಪಾಳೆ ತಟ್ಟಿಬಿಟ್ಟಿದ್ದರಿಂದ ಹೆಂಗಸರ ಬ್ಯಾಚೂ ಒಂದು ಹುಟ್ಟಿತು. ಹೊಸ ರೈಫಲು ಗಂಡಸರಿಗೆ, ಹಳೆಯದು ಹೆಂಗಸರಿಗೆ. ಇದನ್ನು ತೀರ್ಮಾನಿಸಲು ಕಮಿಟಿಗೆ ಹೊತ್ತೇನೂ ಹಿಡಿಯಲಿಲ್ಲ. ಮೊದಲ ಪಂಕ್ತಿಯ ಊಟ ಯಾರಿಗೆ, ಪಾತ್ರೆಯ ತಳದ ಸಾರು ಯಾರಿಗೆ ಎಂದು ಯಾವ ಮನೆಯಲ್ಲಿ ಚರ್ಚೆ ನಡೆಯುತ್ತದೆ?

ಆ ಬ್ಯಾಚಿಗೆ ಸೇರಿದವರಲ್ಲಿ ಶಾಂತಾದೇವಿ ಒಬ್ಬರು. ದಾವಣಗೆರೆ ಕಡೆಯಿಂದ ಬಂದು, ನಾಲ್ಕನೇ ಬ್ಲಾಕಿನ ಬಾಡಿಗೆ ಮನೆಯಲ್ಲಿ ಗಂಡ, ಅತ್ತೆ, ಮಕ್ಕಳು ಮತ್ತು ವಾರ ತಪ್ಪದೆ ಇಳಿಯುವ ನೆಂಟರ ನಡುವೆ ಸಂಸಾರ ಮಾಡುತ್ತಿದ್ದ ಹೆಂಗಸು. ದೇಶ ಕಾಯುತ್ತೇನೆಂದು ಆಕೆ ಎಂದೂ ಹೇಳಿಕೊಂಡವರಲ್ಲ. ಆದರೆ ಭಾನುವಾರ ಬೆಳಗಿನ ಜಾವ ಜರಗನಹಳ್ಳಿಯ ಕಲ್ಲುಕ್ವಾರಿಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿ, ಉಸಿರು ಹಿಡಿದು ದೂರದ ಕಪ್ಪು ಚುಕ್ಕೆಯನ್ನು ನೋಡುತ್ತಿದ್ದಾಗ "ಶಾಂತಾ, ಉಪ್ಪಿನಕಾಯಿ ಜಾಡಿ ಎಲ್ಲಿಟ್ಟೆ?" ಎಂದು ಕೇಳುವವರು ಯಾರೂ ಇರುತ್ತಿರಲಿಲ್ಲ. ಮದುವೆಯಾದ ಮೇಲೆ ಅಷ್ಟು ಹೊತ್ತು ಯಾರ ಕೈಗೂ ಸಿಗದೆ ಇದ್ದದ್ದು ಅದೇ ಮೊದಲು. ಆ ಚಾಪೆಯಷ್ಟು ಜಾಗ ಬಿಟ್ಟರೆ ಆಕೆಗೆ ಸ್ವಂತದ್ದು ಅಂತ ಊರಲ್ಲಿ ಏನೂ ಇರಲಿಲ್ಲ.

ತೊಂದರೆಯೆಲ್ಲ ರೈಫಲಿನ ಟ್ರಿಗರ್‌ನದು. ಪಾಯಿಂಟ್ ಟೂ ಟೂ ರೈಫಲಿನ ತೋಟಾ ಕಿರುಬೆರಳಿಗಿಂತ ಚಿಕ್ಕದು; ಅಂಚಿಗೆ ಒಂದು ಪೆಟ್ಟು ಬಿದ್ದರೆ ಸಾಕು, ಸಿಡಿಯುತ್ತದೆ. ಆ ಒಂದು ಪೆಟ್ಟು ಬೀಳಿಸಲು ಹೆಂಗಸರು ಹಲ್ಲು ಕಚ್ಚಿ, ಭುಜ ಬಿಗಿದು, ಬಾವಿಯಿಂದ ಕೊಡ ಸೇದುವಂತೆ ಜಗ್ಗಬೇಕಿತ್ತು. ಜಗ್ಗಿದರೆ ನಳಿಕೆ ವಾಲುತ್ತಿತ್ತು. ಗುಂಡು ಗುರಿಹಲಗೆ ಬಿಟ್ಟು ಬಂಡೆಗೆ ಬಡಿಯುತ್ತಿತ್ತು.

ಕ್ವಾರಿಯ ಜಮೀನಿನ ಯಜಮಾನ ಬೈರಣ್ಣ ಬೇವಿನ ಕಡ್ಡಿ ಅಗಿಯುತ್ತ ಬಂಡೆ ಮೇಲೆ ಕೂತು ಇದನ್ನೆಲ್ಲ ಪುಕ್ಕಟೆ ನಾಟಕದಂತೆ ನೋಡುತ್ತಿದ್ದ.

"ಅಮ್ಮಾರೇ, ನೀವು ಬೋರ್ಡ್‌ಗೆ ಗುರಿಯಿಟ್ರೆ ನಂಗೆ ಭಯ ಆಯ್ತದೆ. ನಮ್ ಎಮ್ಮೆಗೇ ಗುರಿಯಿಟ್ಬುಡಿ, ಅದು ಬದುಕ್ಕತದೆ."

ಕ್ಲಬ್ಬಿನ ಸೆಕ್ರೆಟರಿ ಕೊಟ್ರಪ್ಪನವರು ನಗಲಿಲ್ಲ. ರಿಟೈರಾದ ಸ್ಟೋರ್‌ಕೀಪರ್ ಅವರು. ಹಣೆಯ ವಿಭೂತಿ ಅಳಿಸುವಂತೆ ಎಂದೂ ನಕ್ಕವರಲ್ಲ. "ತಪ್ಪು ರೈಫಲ್ದಲ್ಲ ತಾಯಿ. ನಿಮ್ಮದು ಹೂ ಕಟ್ಟೋ ಬೆರಳು."

"ದೋಸೆಗೆ ರುಬ್ಬೋ ಬೆರಳೂ ಇವೇ ಸಾರ್. ಒಂದಿನ ಮನೆಗೆ ಬಂದು ನೀವೂ ಗುಂಡುಕಲ್ಲು ತಿರುಗಿಸಿ, ಆಮೇಲೆ ಬೆರಳಿನ ಮಾತಾಡೋಣ," ಎಂದರು ಶಾಂತಾದೇವಿ.

ರಿಪೇರಿ ಮಾಡಿಸಿ ಎಂದದ್ದಕ್ಕೆ, ಸ್ಪ್ರಿಂಗು ಇಂಗ್ಲೆಂಡಿನಿಂದ ಬರಬೇಕು, ಫಂಡಿಲ್ಲ ಎಂಬ ಉತ್ತರ ಬಂತು. ಪ್ರತಿ ಮೀಟಿಂಗಿನ ಮೈಸೂರುಪಾಕಿಗೆ ಮಾತ್ರ ಫಂಡು ಯಾವ ದೇಶದಿಂದಲೋ ತಪ್ಪದೆ ಬರುತ್ತಿತ್ತು. ಅದೂ ಸಾಲದೆಂಬಂತೆ ಡಿಸೆಂಬರಿನಲ್ಲಿ ಕಮಿಟಿ ಇನ್ನೊಂದು ಠರಾವು ಮಾಡಿತು: ತಿಂಗಳ ಕೊನೆಯ ಭಾನುವಾರ ಪರೀಕ್ಷೆ. ಐದು ಗುಂಡಿನಲ್ಲಿ ಮೂರನ್ನಾದರೂ ಕಪ್ಪು ಚುಕ್ಕೆಯೊಳಗೆ ಹೊಡೆದ ಹೆಂಗಸು ಒಬ್ಬಳೂ ಇಲ್ಲದಿದ್ದರೆ ಬ್ಯಾಚು ಬಂದ್.

ಗಂಡ ಗುರುಶಾಂತಪ್ಪನವರು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬರುವಾಗ ಸಮಾಧಾನ ಹೇಳಿದರು. "ಹೋಗ್ಲಿ ಬಿಡೇ. ಭಾನುವಾರ ನಮಗೂ ಬಿಸಿ ದೋಸೆ ಸಿಕ್ಕಂಗಾಯ್ತು."

"ಕಾವಲಿ ಮನೆಯಲ್ಲೇ ಇದೆ, ಹಿಟ್ಟೂ ಅಲ್ಲೇ ಇದೆ ರೀ. ನಿಮ್ಮ ಬೆರಳಿಗೆ ಏನಾಗಿದೆ?"

ಗುರುಶಾಂತಪ್ಪನವರು ಬನಶಂಕರಿ ಗುಡಿ ದಾಟುವವರೆಗೆ ಪೆಡಲನ್ನೇ ಜೋರಾಗಿ ತುಳಿದರು.

ಮುಂದಿನ ಭಾನುವಾರ ಶಾಂತಾದೇವಿ ಹಿಡಿಕೆಯಿರುವ ಒಂದು ಚೆಂಬು, ಒಂದು ಚೀಲ ಅಕ್ಕಿ ಹೊತ್ತು ಕ್ವಾರಿಗೆ ಬಂದರು. ಟ್ರಿಗರ್ ಎಷ್ಟು ಭಾರ ಎಂಬುದು ಮೊದಲು ಗೊತ್ತಾಗಬೇಕಲ್ಲ? ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿ, ಗೆಳತಿಯರಾದ ಚೂಡಾಮಣಿ ಮತ್ತು ಕಾತ್ಯಾಯಿನಿಯ ಕೈಗೆ ರೈಫಲನ್ನು ನೆಟ್ಟಗೆ ಹಿಡಿಯಲು ಕೊಟ್ಟು, ಟ್ರಿಗರ್‌ಗೆ ಚೆಂಬು ನೇತುಹಾಕಿ ಹಿಡಿಹಿಡಿಯಾಗಿ ಅಕ್ಕಿ ಸುರಿದರು.

"ಗುಂಡು ಹೊಡೆಯಕ್ಕೆ ಬಂದ್ರಾ, ಅನ್ನಕ್ಕೆ ಇಡಕ್ಕೆ ಬಂದ್ರಾ?" ಬೈರಣ್ಣ ಕೇಳಿದ. "ಸೌದೆ ಬೇಕಾದ್ರೆ ನಮ್ ಹಟ್ಟೀಲಿ ಐತೆ."

ಚೆಂಬು ತುಂಬಿ ಅಕ್ಕಿ ಚೆಲ್ಲಿತು. ಟ್ರಿಗರ್ ಅಲುಗಲಿಲ್ಲ.

ಗಂಡಸರ ಸರದಿ ಮುಗಿಯುವವರೆಗೆ ಹಳೇ ರೈಫಲು ಬಂಡೆಗೆ ಒರಗಿ ಬಿಸಿಲು ಕಾಯುತ್ತಿತ್ತು. ಹೊರಡುವ ಮುಂಚೆ ಸುಮ್ಮನಿರಲಾರದೆ ಶಾಂತಾದೇವಿ ಇನ್ನೊಂದು ಸಲ ಚೆಂಬು ಕಟ್ಟಿದರು. ಅರ್ಧ ಚೆಂಬೂ ತುಂಬಿರಲಿಲ್ಲ, 'ಟಕ್' ಎಂದಿತು.

"ಅರೆ! ಬೆಳಿಗ್ಗೆ ಒಂದು ತೂಕ, ಮಧ್ಯಾಹ್ನ ಒಂದು ತೂಕ!" ಎಂದಳು ಚೂಡಾಮಣಿ. "ನಮ್ಮ ಬೀದಿ ತರಕಾರಿಯವನ ತಕ್ಕಡಿ ಇದ್ದಂಗಿದೆ."

ಶಾಂತಾದೇವಿ ನಗಲಿಲ್ಲ. ಚಳಿಗೆ ಹೆಪ್ಪುಗಟ್ಟಿ, ಬಿಸಿಲಿಗೆ ಕರಗುವ ಒಂದು ಪದಾರ್ಥ ಆಕೆಯ ಮನೆಯ ಕಿಟಕಿಯಲ್ಲೇ ಇತ್ತು. ಮಕ್ಕಳ ತಲೆಗೆ ಹಚ್ಚಲು ಈ ತಿಂಗಳೆಲ್ಲ ಆ ಸೀಸೆಯನ್ನು ಬಿಸಿಲಿಗಿಟ್ಟೇ ಬಗ್ಗಿಸಬೇಕಾಗಿತ್ತು. ಟ್ರಿಗರ್‌ನ ಹತ್ತಿರ ಮೂಗು ತಂದು ಮೂಸಿದರು. ದೇವರ ಗೂಡಿನ ವಾಸನೆ ಹೊಡೆಯಿತು.

"ಸಾರ್, ಇದಕ್ಕೆ ಯಾವ ಎಣ್ಣೆ ಹಾಕ್ತೀರಿ?"

ಕೊಟ್ರಪ್ಪನವರು ಮುಖವರಳಿಸಿ ಹೇಳಿದರು. "ಶುದ್ಧ ಕೊಬ್ಬರಿ ಎಣ್ಣೆ! ಕ್ಲಬ್ಬು ಶುರುವಾದಾಗಿಂದ ಪ್ರತಿ ಆಯುಧಪೂಜೆಗೂ ನನ್ನ ಕೈಯಾರೆ ಎರೆದಿದೀನಿ. ಮೇಲೆ ವಿಭೂತಿ, ಕುಂಕುಮ, ಅಕ್ಷತೆ. ಒಂದು ವರ್ಷವೂ ಲೋಪ ಮಾಡಿಲ್ಲ."

"ತೊಳೆದದ್ದು ಯಾವಾಗ?"

"ಶಿವಶಿವಾ! ಪೂಜೆ ಮಾಡಿದ್ದನ್ನ ತೊಳೀತಾರೇನಮ್ಮ?"

"ಹಾಗಾದರೆ ಇದನ್ನ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯೋಣ ಸಾರ್."

ಕೊಟ್ರಪ್ಪನವರು ಕಿವಿ ಮುಚ್ಚಿಕೊಂಡರು. ಆಯುಧಕ್ಕೆ ಅಪಚಾರ, ಕ್ಲಬ್ಬಿಗೆ ಕೇಡು, ದೇಶಕ್ಕೇ ಒಳ್ಳೆಯದಲ್ಲ. ಹೆಂಗಸರು ಗುರಿ ತಪ್ಪಿದರೆ ದೇಶಕ್ಕೆ ಏನೂ ಆಗುವುದಿಲ್ಲ, ಕೊಬ್ಬರಿ ಎಣ್ಣೆ ಹೋದರೆ ದೇಶವೇ ಹೋಗುತ್ತದೆ! ಆದರೆ ಈ ಮನುಷ್ಯನೊಡನೆ ರೈಫಲಿನ ಮಾತಾಡಿ ಫಲವಿಲ್ಲ, ಶಾಸ್ತ್ರದ ಮಾತೇ ಆಡಬೇಕೆಂಬುದು ಶಾಂತಾದೇವಿಗೆ ಗೊತ್ತಾಗಿತ್ತು.

"ದೀಪಾವಳಿಗೆ ನಿಮಗೆ ಮನೆಯಲ್ಲಿ ತಲೆಗೆ ಎಣ್ಣೆ ಒತ್ತುತಾರಲ್ಲ ಸಾರ್? ಒತ್ತಿ ಹಾಗೇ ಬಿಡ್ತಾರಾ?"

"ಅದ್ಹೇಗೆ? ಸೀಗೆಪುಡಿ ಹಚ್ಚಿ, ಹಂಡೆ ನೀರು ಹುಯ್ದರೇನೇ ಅಭ್ಯಂಜನ."

"ಇಷ್ಟು ವರ್ಷ ಎಣ್ಣೆ ಒತ್ತಿ ಒತ್ತಿ ಇದನ್ನ ಹಾಗೇ ಕೂರಿಸಿದೀರಲ್ಲ, ಇದ್ಯಾವ ಶಾಸ್ತ್ರ? ಪಾಪ, ಅದಕ್ಕೆ ಶೀತ ಆಗಲ್ವೇ?"

ಬೈರಣ್ಣನ ಬಾಯಿಂದ ಬೇವಿನ ಕಡ್ಡಿ ಬಿತ್ತು. "ಸರ್ಯಾಗೇ ಅಂದ್ರು ಕೊಟ್ರಪ್ಪೋರೆ. ಅರ್ಧ ಸ್ನಾನಕ್ಕೆ ಬುಟ್ರೆ ದ್ಯಾವ್ರೂ ಮುನಿಸ್ಕೊತದೆ."

ಕೊಟ್ರಪ್ಪನವರು ಮನೆಗೆ ಹೋಗಿ ಪಂಚಾಂಗ ತೆರೆದರು. ಆಮೇಲೆ ಒಳ್ಳೆಯ ವಾರ ನೋಡಿ, ಕ್ಲಬ್ಬಿನ ಜಗಲಿಯಲ್ಲಿ ತಾವೇ ಸ್ಕ್ರೂ ಬಿಚ್ಚಿದರು. ಶಾಂತಾದೇವಿ ಮನೆಯ ಸ್ಟೌವಿನ ಸೀಮೆಎಣ್ಣೆಯನ್ನು ಬೋಗುಣಿಗೆ ಬಗ್ಗಿಸಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಟ್ರಿಗರ್‌ನ ಸಂದುಗೊಂದಿಯನ್ನೆಲ್ಲ ಉಜ್ಜಿದರು. ಕೆಂಪು, ಹಳದಿ, ಬೂದು ಸೇರಿದ ಜಿಡ್ಡು ಕೇಸರಿಬಾತಿನಂತೆ ಬಂತು. ಕೊನೆಗೆ ಟ್ರಿಗರ್‌ನ ಹಿಂಬದಿಯಿಂದ ಅಕ್ಷತೆಯ ಕಾಳುಗಳೂ ಉದುರಿದವು. ಕೊಟ್ರಪ್ಪನವರು ಕೈಮುಗಿದು ಅವನ್ನು ತುಳಸಿಯ ಬುಡಕ್ಕೆ ಹಾಕಿ ಬಂದರು. ಶಾಂತಾದೇವಿ ಗಂಡನ ಹಳೇ ಪಂಚೆಯಿಂದ ಟ್ರಿಗರ್ ಒರೆಸಿ, ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಬಿಟ್ಟರು. ಮುಗಿಯಿತು. ಇಂಗ್ಲೆಂಡಿನ ಸ್ಪ್ರಿಂಗು ಇಂಗ್ಲೆಂಡಿನಲ್ಲೇ ಉಳಿಯಿತು.

ಪರೀಕ್ಷೆಯ ದಿನ ಕೊರೆಯುವ ಚಳಿ. ಹಳೇ ಅಭ್ಯಾಸದಂತೆ ಶಾಂತಾದೇವಿ ಹಲ್ಲು ಕಚ್ಚಿ ಜಗ್ಗಹೋದರು; ಬೆರಳು ತಾಗುವಷ್ಟರಲ್ಲಿ ರೈಫಲು ಸಿಡಿಯಿತು. ಗುಂಡು ಬಂಡೆಗೆ ಹೋಯಿತು. ಬೈರಣ್ಣ ಎದ್ದು ಎಮ್ಮೆಯ ಕಡೆ ಓಡಿದ. ಎರಡನೆಯದು ಹಲಗೆಗೆ ತಾಗಿತು, ಚುಕ್ಕೆಗೆ ತಾಗಲಿಲ್ಲ. ಇನ್ನು ಒಂದೂ ತಪ್ಪುವಂತಿರಲಿಲ್ಲ. ಕಮಿಟಿಯವರು ಆಗಲೇ ಮುಖ ಮುಖ ನೋಡಿ ಮುಗುಳ್ನಗುತ್ತಿದ್ದರು.

ಶಾಂತಾದೇವಿ ಹಣೆಯನ್ನು ಚಾಪೆಗೆ ಒತ್ತಿ ಒಂದು ಗಳಿಗೆ ಸುಮ್ಮನೆ ಮಲಗಿದರು. ಜಗ್ಗುವುದನ್ನು ಮರೆಯಬೇಕಿತ್ತು. ಮಲಗಿದ ಮಗುವಿನ ಕೆನ್ನೆ ಮುಟ್ಟುವಂತೆ ಬೆರಳಿಟ್ಟರು. ಮೂರು ಗುಂಡೂ ಕಪ್ಪು ಚುಕ್ಕೆಯೊಳಗೆ ಕೂತವು.

ಇಲ್ಲಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದಿತ್ತು. ಆದರೆ ಕಮಿಟಿ ಅಂದರೆ ಕಮಿಟಿ. ಹೊಸ ರೈಫಲಿಗೂ ಆ ವರ್ಷದ ಆಯುಧಪೂಜೆಯಲ್ಲಿ ಕೊಟ್ರಪ್ಪನವರು ಎರಡು ಪಾಲು ಭಕ್ತಿ ಸುರಿದಿದ್ದರು. ಅದೂ ಈಗ ಚಳಿಗೆ ಬಿಗಿದುಕೊಂಡು, ಗಂಡಸರ ಗುಂಡುಗಳೂ ಬಂಡೆ ಪಾಲಾಗುತ್ತಿದ್ದವು. ಕಮಿಟಿಯವರೊಡನೆ ಅಲ್ಲಿಯೇ ನಿಂತು ಪಿಸುಪಿಸು ಮಾತಾಡಿಕೊಂಡು ಕ್ಲಬ್ಬಿನ ಅಧ್ಯಕ್ಷರು ಬಂದರು.

"ಕಂಗ್ರಾಜುಲೇಷನ್ಸ್ ಮೇಡಂ. ಬ್ಯಾಚು ಇರುತ್ತೆ. ಆದರೆ ಈ ರೈಫಲ್ ಈಗ ಚೆನ್ನಾಗಿದೆ ನೋಡಿ, ಸ್ಟೇಟ್ ಕಾಂಪಿಟಿಷನ್ನಿಗೆ ಗಂಡಸರಿಗೆ ಬೇಕಾಗುತ್ತೆ. ನಿಮಗೆ ಹೊಸದು ಕೊಡ್ತೀವಿ. ಏಳಿ."

ಶಾಂತಾದೇವಿ ಏಳಲಿಲ್ಲ. ರೈಫಲನ್ನು ತೋಳಿನ ಕೆಳಗೆ ಇನ್ನಷ್ಟು ಎಳೆದುಕೊಂಡರು. ಚೂಡಾಮಣಿ ಬಂದು ಎಡಕ್ಕೆ ಬೋರಲು ಮಲಗಿದಳು. ಕಾತ್ಯಾಯಿನಿ ಸೆರಗು ಸಿಕ್ಕಿಸಿ ಬಲಕ್ಕೆ ಮಲಗಿದಳು.

"ಇದೇನು ಮೇಡಂ ಇದು?"

"ಪ್ರಾಕ್ಟೀಸು ಸಾರ್."

ಅಧ್ಯಕ್ಷರು ಕೊಟ್ರಪ್ಪನವರನ್ನು ನೋಡಿದರು. ಕೊಟ್ರಪ್ಪನವರು ವಿಭೂತಿಯ ಹಣೆ ತುರಿಸಿಕೊಂಡರು. "ಅಭ್ಯಂಜನ ಮಾಡಿಸಿದ್ದು ಅವರು ಸಾರ್. ನಮ್ಮದಕ್ಕೂ ಮಾಡಿಸಿದರೆ ಆಯ್ತು."

"ನಾವು ಸೀಮೆಎಣ್ಣೆಗೆ ಕೈ ಹಾಕೋದೇ?"

"ಮತ್ತೆ ಚುಕ್ಕೆಗೆ ಗುಂಡು ತಾಕಬೇಕಲ್ಲ ಸಾರ್."

ಬಿಸಿಲು ಏರಿತು. ಕಮಿಟಿಯವರಿಗೆ ತಿಂಡಿಯ ಹೊತ್ತಾಯಿತು. ಒಬ್ಬೊಬ್ಬರಾಗಿ ಕನಕಪುರ ರಸ್ತೆಯ ಬಸ್ಸಿನ ಕಡೆ ನಡೆದರು. ಗುರುಶಾಂತಪ್ಪನವರು ಸೈಕಲ್ ಹಿಡಿದು ಬಂದು, ಅದನ್ನು ಬಂಡೆಗೆ ಒರಗಿಸಿ, ಬೈರಣ್ಣನ ಪಕ್ಕ ಬಂಡೆಯ ಮೇಲೆ ಕೂತರು. ಶಾಂತಾದೇವಿ ಇನ್ನೊಂದು ತೋಟಾ ತುಂಬಿ, ಕೆನ್ನೆಯನ್ನು ರೈಫಲಿನ ಮರದ ಹಿಡಿಗೆ ಆನಿಸಿದರು.