ಭಾವ ಮಾಡಿದ ನನ್ನ ಪಾಳಿ

ನಮ್ಮ ಲ್ಯಾಬಿನ ಕನ್ನಡಕದ ಸಾಹೇಬರು ಆವತ್ತು ರಿಜಿಸ್ಟರಿನ ಒಂದೇ ಒಂದು ಹಾಳೆ ಹಿಂದಕ್ಕೆ ತಿರುಗಿಸಿದ್ದರೆ ಸಾಕಿತ್ತು. ತಿರುಗಿಸಲಿಲ್ಲ. ಹನ್ನೊಂದು ವರ್ಷವಾಯಿತು, ನೆನೆದರೆ ಈಗಲೂ ಮೈ ಉರಿಯುತ್ತದೆ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಆ ಸಂಶೋಧನಾಲಯಕ್ಕೆ ಸೇರಿಸಿದವರು ಭಾವ, ನನ್ನ ಅಕ್ಕನ ಗಂಡ. ಅವರು ಅಲ್ಲಿ ಗಾಜಿನ ಸಾಮಾನು ತೊಳೆಯುವವರು. ಹತ್ತೊಂಬತ್ತು ವರ್ಷ ದಿನಗೂಲಿ. ತೊಳೆದ ಸೀಸೆಯನ್ನು ಬೆಳಕಿಗೆ ಹಿಡಿಯುತ್ತಿದ್ದರು. ನೀರು ಹಾಳೆಯಂತೆ ಜಾರಿದರೆ ಸರಿ. ಮಣಿಮಣಿಯಾಗಿ ನಿಂತರೆ ಜಿಡ್ಡಿದೆ ಎಂದು ಅರ್ಥ, ಮತ್ತೆ ಮೊದಲಿನಿಂದ. ಆ್ಯಸಿಡ್ಡಿಗೆ ಅವರ ಬೆರಳ ತುದಿ ಸವೆದು ನುಣುಪಾಗಿತ್ತು. ಹಾಜರಿಗೆ ಬೆರಳಚ್ಚಿನ ಯಂತ್ರ ಬಂದಾಗ ಅದಕ್ಕೆ ಭಾವ ಸಿಗಲೇ ಇಲ್ಲ. “ನೋಡಯ್ಯ, ಇದರ ಪ್ರಕಾರ ನಾನಿನ್ನೂ ಹುಟ್ಟೇ ಇಲ್ಲ,” ಎಂದು ನಕ್ಕಿದ್ದರು.

ಕೆಲಸ ಕೆಟ್ಟದ್ದೆಂದು ಹೇಳಲಾರೆ. ತಲೆ ಮೇಲೆ ನೆರಳು, ಒಂದನೇ ತಾರೀಖಿಗೆ ಸಂಬಳ, ಬೀದಿಯಲ್ಲಿ ‘ಲ್ಯಾಬಿನವರು’ ಎಂಬ ಮರ್ಯಾದೆ. ಆದರೆ ಕಂಡುಹಿಡಿದದ್ದೆಲ್ಲ ದೊಡ್ಡವರ ಹೆಸರಿಗೆ, ಒಡೆದದ್ದೆಲ್ಲ ನಮ್ಮ ತಲೆಗೆ.

ನನ್ನ ಕೆಲಸ ಡೀಪ್ ಫ್ರೀಜರ್ ಕಾಯುವುದು. ಒಳಗೆ ರೋಗಿಗಳ ರಕ್ತದ ಸಾವಿರಾರು ಪುಟ್ಟ ಸೀಸೆಗಳು. ಎರಡು ಗಂಟೆಗೊಮ್ಮೆ ಬಾಗಿಲ ಮೇಲಿನ ಅಂಕಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಯಾವಾಗ ನೋಡಿದರೂ ಮೈನಸ್ ಎಂಬತ್ತು ಡಿಗ್ರಿ. ಹಾಗಾಗಿ ನಾವು ಮೊದಲೇ ತುಂಬಿಡುತ್ತಿದ್ದೆವು.

ಆ ಭಾನುವಾರ ನನ್ನ ಪಾಳಿ. ಮಕ್ಕಳಿಗೆ ಸಿನಿಮಾ ತೋರಿಸುವ ಮಾತು ಕೊಟ್ಟಿದ್ದೆ. ಶನಿವಾರವೇ ಮರುದಿನ ಸಂಜೆ ಆರರವರೆಗಿನ ಅಂಕಿ ಬರೆದಿಟ್ಟು, “ಭಾವ, ನಾಳೆ ನನ್ನ ಬದಲು ನೀವು ಕೂತ್ಕೊಳ್ಳಿ. ಬರೆಯೋದೇನೂ ಇಲ್ಲ,” ಎಂದೆ.

“ಭಾನುವಾರ ತಗೊಂಡವನು ಭಾನುವಾರಾನೇ ವಾಪಸ್ ಕೊಡ್ಬೇಕು, ನೆನಪಿರ್ಲಿ,” ಎಂದರು. ಅದು ನಮ್ಮೊಳಗಿನ ಕಟ್ಟಳೆ.

ಬೆಳಿಗ್ಗೆ ಹತ್ತಕ್ಕೆ ಅವರು ಹೋಗಿ ನೋಡಿದರೆ ಫ್ರೀಜರಿನ ಅಡಿಯಲ್ಲಿ ನೀರು. ಬಾಗಿಲ ಮೇಲೆ ಅಂಕಿಯೇ ಇಲ್ಲ. ಸಾಹೇಬರು ಫೋನ್ ಎತ್ತಲಿಲ್ಲ. ಭಾವ ಒಬ್ಬರೇ ಸೀಸೆಗಳನ್ನೆಲ್ಲ ಐಸಿನ ಪೆಟ್ಟಿಗೆಗೆ ಸಾಗಿಸಿದರು. ಅರ್ಧ ಉಳಿಯಿತು.

ಸೋಮವಾರ ಸಾಹೇಬರು ರಿಜಿಸ್ಟರನ್ನು ಮೇಜಿಗೆ ಕುಕ್ಕಿದರು. “ಫ್ರೀಜರ್ ಕೆಟ್ಟು ಕೂತಿದೆ, ಇಲ್ಲಿ ಸಂಜೆವರೆಗೂ ಮೈನಸ್ ಎಂಬತ್ತು! ಯಾರು ಬರೆದದ್ದು?”

ನನ್ನನ್ನು ಖಾಯಂ ಮಾಡುವ ಕಾಗದ ಅವರ ಸಹಿಗೆ ಕಾದಿತ್ತು.

“ನಾನೇ ಸಾರ್,” ಎಂದರು ಭಾವ.

ಹಿಂದಿನ ಹಾಳೆಯಲ್ಲಿ ಅದೇ ಕೈಬರಹ, ಕೆಳಗೆ ನನ್ನ ಸಹಿ. ಆದರೆ ದಿನಗೂಲಿಯವನನ್ನು ಕಳಿಸುವುದು ಸುಲಭ. ಮಧ್ಯಾಹ್ನದೊಳಗೆ ಕಳಿಸಿದರು.

ಗೇಟಿನ ಹತ್ತಿರ ನಾನು ಹಾರಾಡಿದೆ. “ಈಗಲೇ ಹೋಗಿ ಹೇಳಿಬಿಡ್ತೀನಿ!”

“ಸಾಕು ಸುಮ್ನಿರಯ್ಯ. ಊರವರ ಮೇಲೆಲ್ಲ ರೇಗ್ತೀಯ, ಬೇಕಾದಾಗ ನಾಲಿಗೆ ಬಿದ್ದುಹೋಗುತ್ತೆ. ಮೊದಲು ಖಾಯಂ ಆಗ್ಲಿ, ಆಮೇಲೆ ಹೇಳುವೆಯಂತೆ.”

ಖಾಯಂ ಆಯಿತು. ಹೇಳಲಿಲ್ಲ. ಭಾವ ಹೋಟೆಲೊಂದರಲ್ಲಿ ಲೋಟ ತೊಳೆಯಲು ಸೇರಿದರು. ಅಲ್ಲೂ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಾರೆಂದು ಮಾಲೀಕ ಬೈಯುತ್ತಿದ್ದ. ಸಿಕ್ಕಾಗಲೆಲ್ಲ ನನಗೆ ಒಂದೇ ಮಾತು: “ಏನಯ್ಯ, ನನ್ನ ಭಾನುವಾರ ಎಲ್ಲಿ?”

ಹೋದ ವರ್ಷ ತೀರಿಕೊಂಡರು. ಅಕ್ಕ ಈಗಲೂ ಹೇಳುತ್ತಾಳೆ, “ನಿಮ್ಮ ಭಾವ ಒಳ್ಳೆಯವರೇ ಕಣೋ. ಆ ಸುಳ್ಳೊಂದು ಬರೀಬಾರದಿತ್ತು.”

ನಾನು ಹೂಂ ಎನ್ನುತ್ತೇನೆ. ಅವಳು ಕೊಟ್ಟ ಕಾಫಿ ಕುಡಿದು ಎದ್ದು ಬರುತ್ತೇನೆ.