ಅತ್ಯಾ ನಂಬಿ ಕೊಟ್ಟ ಹಾಡಿನ ವಹಿ

ಬ್ರಹ್ಮಪುರದ ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ ಅದರ ಮುಂದೆ ಸರಿಯಾಗಿ ಕೂತವಳು ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎಂಬತ್ತರ ದಶಕದಲ್ಲಿ, ಮದುವೆಗೆ ಮುಂಚೆ, ಎರಡು ವರ್ಷ ಟೈಪಿಂಗ್ ಕ್ಲಾಸಿಗೆ ಹೋಗಿ ಪರೀಕ್ಷೆ ಪಾಸಾಗಿದ್ದೆ. ನೌಕರಿಗೆ ಹೋಗಲಿಲ್ಲ, ಒಲೆ ಮುಂದೆ ಬಂದೆ. ಆದರೆ ಬೆರಳು ಮರೆತಿರಲಿಲ್ಲ. ಯಜಮಾನರು ಒಂದೇ ಬೆರಳಿನಿಂದ ಅಕ್ಷರ ಹುಡುಕುತ್ತಿದ್ದರೆ, ನಾನು ಭಜನಾ ಮಂಡಳಿಯ ಹಾಡುಗಳನ್ನು ಒಲೆ ಮೇಲೆ ಬೇಳೆ ಬೇಯುವಷ್ಟರಲ್ಲಿ ಟೈಪ್ ಮಾಡಿ ಎದ್ದು ಬರುತ್ತಿದ್ದೆ.

ಈ ಸುದ್ದಿ ಕಮಲಾಪುರದವರೆಗೆ ಹೋಗಿತ್ತು. ಅಲ್ಲಿ ನಮ್ಮ ಯಜಮಾನರ ಸೋದರತ್ತೆ, ನಾವೆಲ್ಲ ಅತ್ಯಾ ಎಂದು ಕರೆಯುವವರು, ಮಗ ಸೊಸೆ ಮೊಮ್ಮಗಳೊಂದಿಗೆ ಇದ್ದರು. ಅವರ ಹತ್ತಿರ ಅವರ ತಾಯಿ ಕೈಯಾರೆ ಬರೆದ ಒಂದು ಹಾಡಿನ ವಹಿ ಇತ್ತು. ಎಣ್ಣೆ ಹಚ್ಚುವ ಹಾಡು, ಆರತಿ, ಮಂಗಳಗೌರಿ, ತೊಟ್ಟಿಲ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ಎಲ್ಲ ಅದರಲ್ಲಿ. ಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತಿದ್ದುದರಿಂದ ಮರಾಠಿ ಹಾಡುಗಳೂ ಇದ್ದವು. ಆದರೆ ಅವನ್ನೂ ಆ ತಾಯಿ ಕನ್ನಡ ಅಕ್ಷರದಲ್ಲೇ ಬರೆದಿದ್ದರು. ತೊಂಬತ್ನಾಲ್ಕು ಪುಟ. ಹುಳ ಹಿಡಿದು, ಪುಟ ತಿರುವಿದರೆ ಹಪ್ಪಳದಂತೆ ಮುರಿಯುತ್ತಿತ್ತು.

ಆ ವರ್ಷ ಶ್ರಾವಣದಲ್ಲಿ ಯಜಮಾನರು ತಮ್ಮ ಆಫೀಸಿನ ಡಿಜಿಟಲ್ ಕ್ಯಾಮೆರಾ ಎರಡು ದಿನದ ಮಟ್ಟಿಗೆ ಕೇಳಿ ತಂದರು. ಕಮಲಾಪುರದ ಅಂಗಳದಲ್ಲಿ ಬಿಸಿಲು ಬೀಳುವ ಕಡೆ ಮಣೆ ಹಾಕಿ, ಒಂದೊಂದೇ ಪುಟ ಇಟ್ಟು, ಮೂಲೆ ಏಳದ ಹಾಗೆ ಅಡಕೆ ಇಟ್ಟು ನಾನೇ ಫೋಟೋ ತೆಗೆದೆ. ಅತ್ಯಾ ಹಿಂದೆ ಕೂತು ನೋಡುತ್ತಿದ್ದರು.

"ಎಲ್ಲಾ ಅಕ್ಷರ ಬಂದಾವೇನು?"

"ಬಂದಾವ ಅತ್ಯಾ. ಕಂಪ್ಯೂಟರ್‌ದಾಗ ಹಾಕಿದ್ರ ಇದಕ್ಕಿಂತ ದೊಡ್ಡದಾಗಿ ಕಾಣ್ತಾವ."

"ಅಲ್ಲಿ ಹುಳಾ ಹತ್ತಂಗಿಲ್ಲಲಾ?"

"ಹತ್ತಂಗಿಲ್ಲ ಅತ್ಯಾ."

"ಹಂಗಾದ್ರ ಇದನ್ನ ಇನ್ನ ಹುಳಕ್ಕ ಹಾಕೂದು ಬ್ಯಾಡ. ಹೊಳಿಗೆ ಬಿಡೂಣು."

ನಮ್ಮಲ್ಲಿ ಹಾಗೆ. ದೇವರ ಹೆಸರು ಬರೆದ ಹಾಳೆ ಹರಿದರೆ ಮನೆಯಲ್ಲಿ ಕಾಲಿಗೆ ಸಿಗಬಾರದು, ರದ್ದಿಗೂ ಹಾಕಬಾರದು. ಹರಿಯುವ ನೀರಿಗೆ ಬಿಡಬೇಕು. ಇನ್ನೊಂದು ತಿಂಗಳು ಇರಲಿ ಅತ್ಯಾ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಕೆಲಸದ ಮೇಲೆ ನನಗೆ ಅಷ್ಟು ಭರವಸೆ. ಮಳಖೇಡಕ್ಕೆ ಹೋದ ದಿನ ಅತ್ಯಾ ವಹಿಗೆ ಅರಿಷಿಣ ಕುಂಕುಮ ಏರಿಸಿ, ಹೊಸ ಕುಪ್ಪಸದ ಕಣದಲ್ಲಿ ಸುತ್ತಿ, ಕಾಗಿಣಾ ಹೊಳೆಯ ನೀರಿಗೆ ಬಿಟ್ಟರು. ಎರಡೂ ಕೈ ಮುಗಿದು ನಿಂತು ಬಹಳ ಹೊತ್ತು ನೋಡಿದರು. ಮೊಮ್ಮಗಳ ಲಗ್ನ ತುಳಸಿ ಲಗ್ನದ ನಂತರ ಎಂದು ಗೊತ್ತಾಗಿತ್ತು. ಆ ಮದುವೆಯಲ್ಲಿ ಎಲ್ಲ ಹಾಡೂ ತಾಯಿಯ ವಹಿಯದ್ದೇ ಆಗಬೇಕೆಂದು ಅತ್ಯಾನ ಆಸೆ. ಅಷ್ಟರೊಳಗೆ ನಾನು ಪ್ರಿಂಟ್ ತೆಗೆಸಿ ಕೊಡಬೇಕು. ಫೋಟೋ ನಮ್ಮ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಕ್ಯಾಮೆರಾ ಆಫೀಸಿಗೆ ವಾಪಸು ಹೋಗಿತ್ತು, ಅಲ್ಲಿ ಅದನ್ನು ಖಾಲಿ ಮಾಡಿದ್ದರು. ಇನ್ನು ಆ ತೊಂಬತ್ನಾಲ್ಕು ಪುಟ ಇದ್ದದ್ದು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮಾತ್ರ.

ಮಹಾನವಮಿ ಬಂತು. ನಮ್ಮ ಕಡೆ ಅಂದು ಖಂಡೆಪೂಜೆ. ಮನೆಯಲ್ಲಿ ಕೆಲಸಕ್ಕೆ ಬರುವ ಎಲ್ಲ ಸಾಮಾನನ್ನೂ ತೊಳೆದು ಒರೆಸಿ ಪೂಜೆಗೆ ಇಡುತ್ತೇವೆ. ಈಳಿಗೆ, ಹೊಲಿಗೆ ಮಷಿನ್, ಸುತ್ತಿಗೆ, ಯಜಮಾನರ ಸ್ಕೂಟರ್, ಆ ವರ್ಷದಿಂದ ಕಂಪ್ಯೂಟರ್ ಕೂಡ. ಹೊರಗೆಲ್ಲ ಒರೆಸಿದ ಮೇಲೆ ಒಳಗೂ ಸ್ವಚ್ಛ ಮಾಡಬೇಕಲ್ಲ ಎನಿಸಿತು. ಚಾಲೂ ಮಾಡಿ ನೋಡಿದರೆ ಒಂದೇ ಹೆಸರಿನ ಎರಡು ಫೋಲ್ಡರ್, ಎರಡೂ ವಹಿಯ ಫೋಟೋ ತೋರಿಸುತ್ತಿವೆ. ಒಂದರ ಮೂಲೆಯಲ್ಲಿ ಸಣ್ಣ ಬಾಣದ ಗುರುತು. ದಿನಾ ನಾನು ಒತ್ತುತ್ತಿದ್ದುದು ಆ ಬಾಣದ್ದನ್ನೇ. ಅದೇ ನಿಜವಾದದ್ದು, ಇನ್ನೊಂದು ಸುಮ್ಮನೆ ಜಾಗ ಹಿಡಿದಿದೆ ಎಂದುಕೊಂಡು ಇನ್ನೊಂದನ್ನು ಅಳಿಸಿದೆ. ಆಗ ಪರದೆಯ ಮೇಲಿನ ಕಸದ ಬುಟ್ಟಿಯ ಚಿತ್ರದಲ್ಲಿ ಕಾಗದ ತುಂಬಿ ಮೇಲೆ ಬಂದಂತೆ ಕಂಡಿತು. ಪೂಜೆಯ ದಿನ ಮನೆಯಲ್ಲಿ ಕಸ ಇಟ್ಟುಕೊಂಡು ಆರತಿ ಎತ್ತುವುದೇ? ಅದನ್ನೂ ಖಾಲಿ ಮಾಡಿ, ಬಂದ್ ಮಾಡಿ, ಪೆಟ್ಟಿಗೆಗೆ ಕುಂಕುಮ ಹಚ್ಚಿ, ಸೇವಂತಿಗೆ ಹೂವು ಇಟ್ಟೆ.

ಮಧ್ಯಾಹ್ನ ಹೋಳಿಗೆ ಊಟ ಮಾಡಿ ಯಜಮಾನರು ಅದರಲ್ಲಿ ಇಸ್ಪೀಟು ಆಡಬೇಕೆಂದು ಬಂದರು.

"ಪೂಜಾ ಮಾಡಿದ್ದನ್ನ ಇವತ್ತ ಮುಟ್ಟಂಗಿಲ್ಲ," ಎಂದೆ.

"ಅದು ಖಡ್ಗ ಏನ, ಮುಟ್ಟಿದ್ರ ಕೈ ಕೊಯ್ತದ?"

"ನಿಮ್ಮ ಸ್ಕೂಟರ್ ಮುಟ್ಟೀರೇನು? ಇಲ್ಲಲಾ? ಇದನ್ನೂ ಮುಟ್ಟಬ್ಯಾಡ್ರಿ."

ಅವರು ಗೊಣಗಿಕೊಂಡು ಪೇಪರ್ ಹಿಡಿದರು. ಸಂಜೆ ಮತ್ತೊಮ್ಮೆ ಬಂದು ನಿಂತರು, ಮತ್ತೊಮ್ಮೆ ಕಳಿಸಿದೆ.

ಮರುದಿನ ದಸರೆಗೆ, ಬೆಳಗಿನ ಬಸ್ಸಿಗೇ ಅತ್ಯಾ ಬಂದರು, ಕೈಚೀಲದಲ್ಲಿ ಕೆಂಪು ಬಾಳೆಹಣ್ಣು. ಕಾಲು ತೊಳೆದು ದೇವರಿಗೆ ನಮಸ್ಕಾರ ಮಾಡಿದವರೇ, "ಎಲ್ಲಿ, ನಮ್ಮವ್ವನ ಅಕ್ಷರ ತೋರಸು ನೋಡೂಣು," ಎಂದರು. ನಾನು ಹೆಮ್ಮೆಯಿಂದ ಕುರ್ಚಿ ಹಾಕಿ ಕೂರಿಸಿದೆ. ದೇವರಿಗೆ ಕೈ ಮುಗಿದು ಚಾಲೂ ಮಾಡಿ, ಬಾಣದ ಗುರುತಿನದ್ದನ್ನು ಒತ್ತಿದೆ. ಅಂಥ ಫೋಲ್ಡರ್ ಇಲ್ಲ ಎಂದು ಇಂಗ್ಲಿಷಿನಲ್ಲಿ ಬಂತು. ಇನ್ನೊಮ್ಮೆ ಒತ್ತಿದೆ. ಇಲ್ಲ. ಕಸದ ಬುಟ್ಟಿ ನೋಡಿದೆ, ಅದು ನಾನೇ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ. ಬಾಣದ್ದು ಬರೀ ದಾರಿ, ಮನೆ ಇನ್ನೊಂದು ಎಂದು ಆಗ ತಿಳಿಯಿತು. ನಾನು ಕೆಡವಿದ್ದು ಮನೆಯನ್ನೇ.

"ಯಾಕs, ಮಾರಿ ಯಾಕ ಬೆಳ್ಳಗಾತು?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ಅತ್ಯಾ, ನನ್ನ ಕೈಲೆ ಅಳಿಸಿ ಹೋಗ್ಯಾವ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪರದೆಯನ್ನೇ ನೋಡುತ್ತ, "ಹುಳಾ ತಿನ್ಲಿಕ್ಕಾದ್ರೂ ವರ್ಷ ಬೇಕಾಗಿದ್ವು. ನಿಂದು ಒಂದ ದಿನಕ್ಕ ಆತು. ನಿನ್ನ ಮಾತ ಮ್ಯಾಲ ನಮ್ಮವ್ವನ್ನ ಹೊಳಿಗೆ ಬಿಟ್ಟೀನಿ," ಎಂದರು.

ಯಜಮಾನರು ಓಡಿ ಬಂದು ಅದು ಇದು ಒತ್ತಿ ಹುಡುಕಲು ಕೂತರು. ನಾನು ಅವರ ಕೈ ಹಿಡಿದು ನಿಲ್ಲಿಸಿದೆ. ಐವಾನ್-ಎ-ಶಾಹಿ ಕಡೆ ಒಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ನಮ್ಮ ಪೆಟ್ಟಿಗೆ ಕೊಂಡದ್ದು ಅಲ್ಲಿಯೇ. ಫೋನ್ ಹಚ್ಚಿದೆ. ಅಂಗಡಿಯ ಸಾಹೇಬರು ನನ್ನ ಮಾತು ಮುಗಿಯುವ ಮೊದಲೇ, "ಭಾಬೀಜಿ, ವಾಯರ್ ಕಿತ್ತ್ರಿ. ಈಗ, ಈಗಿಂದೀಗ. ಡಬ್ಬಿ ತಗೊಂಡು ಬರ್ರಿ," ಎಂದರು.

ಆಟೋದಲ್ಲಿ ಅತ್ಯಾನೂ ಬಂದರು. ಮನೆಯಲ್ಲೇ ಇರಿ ಎಂದರೆ ಕೇಳಲಿಲ್ಲ. ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಎರಡೂ ಕೈಯಿಂದ ಅಪ್ಪಿ ಹಿಡಿದಿದ್ದರು.

ಸಾಹೇಬರು ನಲವತ್ತು ದಾಟಿದವರು, ಕನ್ನಡಕ ಹಣೆಯ ಮೇಲೆ. ಪೆಟ್ಟಿಗೆ ಕಂಡು ನಕ್ಕರು. "ಇದಕ್ಕೂ ಕುಂಕುಮ ಹಚ್ಚೀರಿ? ಜ್ವರಾ ಬಂದಿತ್ತೇನು?"

"ನಿನ್ನೆ ಖಂಡೆಪೂಜಾ ಇತ್ರಿ."

"ಅಳಿಸಿದ್ದು ಯಾವಾಗ?"

"ಪೂಜಾಕ್ಕಿಂತ ಮೊದಲ, ಮುಂಜಾನಿ."

"ಆಮ್ಯಾಲ ಎಷ್ಟ ಚಲಾಯಿಸೀರಿ? ಖರೇ ಹೇಳ್ರಿ. ಗೇಮ್, ಹಾಡು, ಪಿಚ್ಚರ್?"

"ಏನೂ ಇಲ್ರಿ. ಪೂಜಾ ಮಾಡಿದ್ದನ್ನ ನಾವು ಮುಟ್ಟಂಗಿಲ್ಲ. ಇವತ್ತ ಹತ್ತು ಮಿನಿಟ್ ಚಾಲೂ ಮಾಡೀನಿ, ಅಷ್ಟs."

ಅವರು ಕನ್ನಡಕ ಕೆಳಗೆ ಎಳೆದು ನನ್ನನ್ನು ನೋಡಿದರು. "ಬಚ್ ಗಯಾ! ಭಾಬೀಜಿ, ನಿಮ್ಮ ಪೂಜಾನೇ ಉಳಸ್ಯದ ನೋಡ್ರಿ. ಅಳಸೂದಂದ್ರ ಮನಿ ಬಾಗಲಾಗಿಂದ ಹೆಸರಿನ ಪಾಟಿ ಕಿತ್ತಂಗ. ಒಳಗ ಸಾಮಾನು ಹಂಗೇ ಇರ್ತಾವ. ಹೊಸ ಕಿರಾಯದಾರ ಬಂದು ತನ್ನ ಸಾಮಾನು ಇಟ್ಟಾಗ ಹಳೇದು ಹೋಗ್ತದ. ನೀವು ಯಾರನ್ನೂ ಒಳಗ ಬಿಟ್ಟಿಲ್ಲ."

ಇಸ್ಪೀಟಿನ ನೆನಪಾಗಿ ನಾನು ಮನಸ್ಸಿನಲ್ಲೇ ವಿಠ್ಠಲನಿಗೆ ಕೈ ಮುಗಿದೆ. ಎರಡು ಸಲ ಯಜಮಾನರನ್ನು ವಾಪಸು ಕಳಿಸಿದ್ದೆ. ಎರಡಕ್ಕೂ ಬೇರೆ ಬೇರೆಯಾಗಿ ಮುಗಿದೆ.

ಸಾಹೇಬರು ಪೆಟ್ಟಿಗೆ ಬಿಚ್ಚಿ, ಒಳಗಿನ ಡಿಸ್ಕು ತೆಗೆದು ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಅದರ ಮೇಲೆ ಏನೂ ಬರೆಯಬಾರದು, ಬರೀ ಓದಬೇಕು, ಸಿಕ್ಕದ್ದನ್ನು ಬೇರೆ ಕಡೆ ಇಡಬೇಕು, ಇಷ್ಟೇ ಇದರ ಗುಟ್ಟು ಎಂದರು. ಹುಡುಕುವ ಸಾಫ್ಟ್‌ವೇರ್ ಹಚ್ಚಿದರೆ ಮಧ್ಯಾಹ್ನ ಪೂರ್ತಿ ಹಿಡಿಯಿತು. ಅತ್ಯಾ ಹೊರಗಿನದ್ದು ಏನೂ ಕುಡಿಯುವವರಲ್ಲ. ಸ್ಟೂಲಿನ ಮೇಲೆ ಕೂತು ಜಪ ಮಾಡುತ್ತ, ನಡುನಡುವೆ, "ಸಾಹೇಬ್ರ, ಎಲ್ಲೀತನಕ ಬಂತು?" ಎಂದು ಬಸ್ಸಿನ ಕಂಡಕ್ಟರನ್ನು ಕೇಳಿದಂತೆ ಕೇಳುತ್ತಿದ್ದರು.

"ಬರ್ಲಾಕತ್ತದ ಅಮ್ಮಾ, ಇನ್ನಾ ಅರ್ಧಾ ಬಂದದ."

ಸಂಜೆ ಹೊತ್ತಿಗೆ ಸಾವಿರಾರು ಚಿತ್ರ ಬಂದವು. ಹೆಸರಿಲ್ಲ, ಬರೀ ಅಂಕೆ. ಕ್ಯಾಲೆಂಡರಿನ ದೇವರು, ಹೂವಿನ ಕುಂಡ, ಯಾವುದೋ ಕಾರು, ಎಲ್ಲ ಕಲಸಿಹೋಗಿವೆ. ಅವುಗಳ ನಡುವೆ ಒಂದು ಹಳದಿ ಪುಟ. ಅತ್ಯಾ ಎದ್ದು ಬಂದು ಗಾಜಿಗೆ ಬೆರಳು ಹಚ್ಚಿದರು. "ಇದು ನಮ್ಮವ್ವನ 'ಳ' ನೋಡು, ಬಾಲಾ ಉದ್ದ ಎಳೀತಿದ್ಲು," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಪುಟಾ ಸಿಗ್ತಾವ, ಆದ್ರ ಯಾವುದರ ಹಿಂದ ಯಾವುದು ಅಂತ ನನಗ ಗೊತ್ತಾಗಂಗಿಲ್ಲ ಭಾಬೀಜಿ," ಎಂದರು ಸಾಹೇಬರು. "ಎಲ್ಲಾ ಒಂದs ಥರಾ ಕಾಣ್ತಾವ."

ವಹಿಗೆ ಪುಟದ ಅಂಕೆ ಇರಲಿಲ್ಲ. ಅದನ್ನು ನಾನು ಮಾಡುತ್ತೇನೆ ಎಂದೆ.

ಆಮೇಲಿನ ನಾಲ್ಕು ದಿನ ಅಡಿಗೆ ಮುಗಿಸಿ ಹನ್ನೆರಡಕ್ಕೆ ಆ ಅಂಗಡಿಗೆ ಹೋಗಿ ಕೂತೆ. ಹಾಡು ಪುಟದ ಕೊನೆಯಲ್ಲಿ ನಡುನುಡಿಗೆ ನಿಲ್ಲುತ್ತದೆ, ಉಳಿದದ್ದು ಬೇರೆ ಪುಟದ ತಲೆಯಲ್ಲಿ ಇರುತ್ತದೆ. ನಿಂತ ಕಡೆಯಿಂದ ನಾನು ಸಣ್ಣ ದನಿಯಲ್ಲಿ ಮುಂದೆ ಹಾಡುವುದು, ಬಂದ ಮಾತು ಯಾವ ಪುಟದಲ್ಲಿದೆ ಎಂದು ಹುಡುಕುವುದು, ಸಿಕ್ಕಿದ ಕೂಡಲೇ ಅಂಕೆ ಕೊಡುವುದು. ಅಂಗಡಿಗೆ ಪ್ರಿಂಟರ್ ರಿಪೇರಿಗೆ ಬಂದ ಒಬ್ಬ ಗಿರಾಕಿ, "ಸಾಹೇಬ್ರ, ರೇಡಿಯೋ ಭೀ ಇಟ್ಟೀರೇನು?" ಎಂದ. ಸಾಹೇಬರು, "ಸುಮ್ಮ ಕೂಡ್ರು. ಈ ಕೆಲಸಾ ನನ್ನ ಯಾವ ಸಾಫ್ಟ್‌ವೇರೂ ಮಾಡಂಗಿಲ್ಲ," ಎಂದರು. ಟೈಪಿಂಗ್ ಪರೀಕ್ಷೆ ಪಾಸಾದಾಗ ಕೂಡ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಇಪ್ಪತ್ತು ವರ್ಷ ಅತ್ಯಾನ ಜೊತೆ ಆರತಿ ಹಿಡಿದು ನಿಂತು ಇವೇ ಹಾಡು ಹಾಡಿದ್ದು ಹೀಗೊಂದು ಕೆಲಸಕ್ಕೆ ಬಂತು.

ತೊಂಬತ್ತೆರಡು ಪುಟ ಸಿಕ್ಕವು. ಎರಡು ಸಿಗಲೇ ಇಲ್ಲ. ಸಿಕ್ಕವುಗಳಲ್ಲೂ ಒಂದರ ಕೆಳಗಿನ ಅರ್ಧ ಬರೀ ಬೂದು ಬಣ್ಣ. ದಸರೆಯ ದಿನ ಚಾಲೂ ಮಾಡಿದ ಆ ಹತ್ತು ನಿಮಿಷ ನುಂಗಿದ್ದು ಅಷ್ಟು. ಸಾಹೇಬರು ಎಲ್ಲವನ್ನೂ ಎರಡು ಸಿಡಿಗೆ ಹಾಕಿಕೊಟ್ಟರು. ನಾನು ಪ್ರಿಂಟೂ ಎರಡು ಪ್ರತಿ ತೆಗೆಸಿದೆ.

ದೀಪಾವಳಿ ಮುಗಿಸಿ ಕಮಲಾಪುರಕ್ಕೆ ಹೋದೆವು. ಅತ್ಯಾ ಪ್ರಿಂಟು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಪುಟ ತಿರುವಿದರು. ಕ್ರಮ ತಪ್ಪಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದಾರೆಂದು ನನಗೆ ಗೊತ್ತಾಯಿತು. ತುಟಿ ಅಲುಗುತ್ತಿತ್ತು. ತಪ್ಪು ಸಿಗಲಿಲ್ಲ. ಸಿಗದ ಎರಡು ಪುಟಗಳ ಹಾಡನ್ನು ಅವರು ಹಾಡಿದರು, ನಾನು ಬರೆದುಕೊಂಡೆ. ಬೂದು ಪುಟದಲ್ಲಿದ್ದದ್ದು ಒಂದು ಮರಾಠಿ ತೊಟ್ಟಿಲ ಹಾಡು. ಅದರ ಕೊನೆಯ ಎರಡು ನುಡಿ ಇಬ್ಬರಿಗೂ ಬರಲಿಲ್ಲ.

"ಇರ್ಲಿ ಬಿಡು," ಎಂದರು. "ಕೂಸು ಅಷ್ಟರಾಗ ಮಲಗಿರ್ತದ."

ಮದುವೆಯಲ್ಲಿ ಎಣ್ಣೆ ಹಚ್ಚುವ ದಿನ ಹೆಂಗಸರೆಲ್ಲ ಕೂತಾಗ ಅತ್ಯಾ ಮೊದಲ ಹಾಡು ತಾವೇ ಎತ್ತಿದರು. ಎರಡನೆಯದಕ್ಕೆ ಕೈಯಲ್ಲಿದ್ದ ಪ್ರಿಂಟನ್ನು ನನ್ನ ಕಡೆ ಚಾಚಿ, "ನೀ ಎತ್ತು," ಎಂದರು. ಬೀಗರ ಕಡೆಯ ಒಬ್ಬಾಕೆ, ಇದು ಯಾವ ಪುಸ್ತಕ, ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿದಳು. "ಅಂಗಡ್ಯಾಗ ಸಿಗಂಗಿಲ್ಲ," ಎಂದರು ಅತ್ಯಾ. "ನಮ್ಮವ್ವ ಬರದದ್ದು, ನಮ್ಮ ಸೊಸಿ ಕಳದದ್ದು, ಆಕೀನs ತಂದದ್ದು." ನನ್ನ ತಪ್ಪನ್ನೂ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ನನಗೆ ಅದೇ ಸರಿ ಎನಿಸಿತು.

ಮದುವೆಯ ಸಾಮಾನು ಕಟ್ಟಿಡುವ ದಿನ ನನ್ನನ್ನು ಒಳಕೋಣೆಗೆ ಕರೆದರು. ಟ್ರಂಕಿನ ತಳದಿಂದ ಇನ್ನೊಂದು ವಹಿ ತೆಗೆದರು. ತೆಳ್ಳಗಿತ್ತು, ಅದೇ ಉದ್ದ ಬಾಲದ ಅಕ್ಷರ.

"ಇದೇನು ಅತ್ಯಾ?"

"ನಮ್ಮವ್ವಂದೇ. ಆಕಿ ತಾನೇ ಕಟ್ಟಿದ ಹಾಡು ಇದರಾಗ ಅವ. ಯಾರಿಗೂ ತೋರಿಸಿಲ್ಲ. ಶ್ರಾವಣದಾಗ ನೀ ಬಂದಾಗ ಇದನ್ನ ಮುಚ್ಚಿಟ್ಟಿದ್ದೆ."

"ಯಾಕ್ರಿ?"

"ನಿನ್ನ ಡಬ್ಬಿ ಮ್ಯಾಲ ಪೂರಾ ಭರೋಸಾ ಇರಲಿಲ್ಲ." ವಹಿಯನ್ನು ನನ್ನ ಕೈಗೆ ಇಟ್ಟರು. "ಡಬ್ಬಿ ಮ್ಯಾಲ ಈಗೂ ಇಲ್ಲ. ನೀ ಫೋಟೋ ತಗಿ. ಆದ್ರ ಇದನ್ನ ಹೊಳಿಗೆ ಬಿಡೂ ಮಾತು ನಾ ಇರೂತನಕ ಎತ್ತಬ್ಯಾಡ."

ನಾನು ವಹಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಮದುವೆಗೆಂದು ಯಜಮಾನರು ಮತ್ತೆ ಕೇಳಿ ತಂದಿದ್ದ ಆಫೀಸಿನ ಕ್ಯಾಮೆರಾ ತೆಗೆದುಕೊಂಡು ಅಂಗಳಕ್ಕೆ ಬಂದೆ. ಬಿಸಿಲು ಇನ್ನೂ ಕಟ್ಟೆಯ ಮೇಲಿತ್ತು. ಅತ್ಯಾ ಹಿಂದೆಯೇ ಬಂದು ತಾವೇ ಮಣೆ ಹಾಕಿದರು.