ಅಪ್ಪನ ಇಸ್ತ್ರಿ ಮೇಜಿನ ಊದುಗೊಳವಿ

ಸುಡೋ ಇಸ್ತ್ರಿ ಹಸಿ ಬಟ್ಟಿ ಮ್ಯಾಲ ಕೂತಾಗ ಬರೋ ಆ ವಾಸನಿ ನಿಮಗೂ ನೆನಪಿರಬೇಕು. ಸಿಂಧನೂರಿನ ಮನಿಯಾಗ ನಾನು ಕರೆಂಟಿನ ಇಸ್ತ್ರಿ ಹಿಡಿದಾಗೆಲ್ಲ ಆ ಉಗಿ ಏಳ್ತದ, ಮಸ್ಕಿಯ ನಮ್ಮ ತಗಡಿನ ಮನಿ ಕಣ್ಮುಂದ ಬಂದು ನಿಂದ್ರತದ. ಈಗ ಆ ಜಾಗದಾಗ ಮೊಬೈಲ್ ಅಂಗಡಿ ಅದ. ಆಗ ಪಡಸಾಲಿಯಾಗ ಅಪ್ಪನ ಮೇಜು, ಇದ್ದಲಿ ಇಸ್ತ್ರಿ, ಗ್ಲಾಸಿನ ನೀರು. ನೀರಿನ್ಯಾಗ ಒಂದು ಸಣ್ಣ ತಗಡಿನ ಕೊಳವಿ ನೆಟ್ಟಗ ನಿಂತಿರ್ತಿತ್ತು, ಅದರ ತುದಿಗೆ ಅಡ್ಡಲಾಗಿ ಬೆಸುಗಿ ಹಾಕಿದ ಇನ್ನೊಂದು ಕೊಳವಿ. ಅಡ್ಡ ಕೊಳವಿ ಬಾಯಾಗಿಟ್ಟು ಅಪ್ಪ ಜೋರು ಊದಿದ್ರ ಗ್ಲಾಸಿನ ನೀರು ತಾನ ಏರಿ ಬಂದು ಮಂಜಿನಂಗ ಬಟ್ಟಿ ಮ್ಯಾಲ ಬೀಳ್ತಿತ್ತು. ದಿನದ ಮೊದಲನೇ ಊದು ಮಾತ್ರ ಗಿರಾಕಿ ಬಟ್ಟಿಗಲ್ಲ, ನನಗ. ಸಾಲಿಗೆ ಹೋಗೋ ಮುಂಚೆ ಕಣ್ಣು ಮುಚ್ಚಿ, ಮುಖ ಒಡ್ಡಿ ನಿಂದ್ರತಿದ್ದೆ. ಆ ತಂಪು ತಾಗದಿದ್ರ ನನಗ ಬೆಳಗೇ ಆದಂಗ ಅನಿಸ್ತಿದ್ದಿಲ್ಲ.

"ನೀ ನೀರು ಜಗ್ಗಂಗಿಲ್ಲ, ಮುಂದಕ್ಕ ಊದ್ತಿ. ಮತ್ತ ಹ್ಯಾಂಗ ಏರ್ತದಪ್ಪಾ?" ಅಂತ ಕೇಳಿದ್ರ, "ನನಗೇನು ಗೊತ್ತವ್ವ, ಊದಿದ್ರ ಬರ್ತದ" ಅಂತಿದ್ದ. ಮುಂದ ಲಿಂಗಸುಗೂರಿನ ಕಾಲೇಜಿನ್ಯಾಗ ತಿಳೀತು: ವೇಗವಾಗಿ ಓಡೋ ಗಾಳಿಯಾಗ ಒತ್ತಡ ಇಳೀತದ, ಗ್ಲಾಸಿನ ಮ್ಯಾಲಿನ ಸುಮ್ಮನಿರೋ ಗಾಳಿ ನೀರನ್ನ ಕೊಳವಿಯೊಳಗ ಮ್ಯಾಲಕ್ಕ ದಬ್ಬತದ. ಊದೋ ವೇಗ ತಗ್ಗಿದ್ರ ನೀರು ನಡುದಾರಿಯಾಗ ನಿಂದ್ರತದ. ಇದನ್ನ ಹೇಳಿದಾಗ ಅಪ್ಪ ನಕ್ಕ, ನಗುವಿನ ಬೆನ್ನಿಗೇ ಕೆಮ್ಮು ಬಂತು. ಇದ್ದಲಿ ಹೊಗಿ ಎದಿಯಾಗ ಮನಿ ಮಾಡಿತ್ತು. ಅವತ್ತಿನಿಂದ ಆ ಕೊಳವಿ ನೋಡಿದ್ರ ನನಗ ಅಂಜಿಕಿ. ಬರಬರತಾ ಅಪ್ಪನ ಉಸಿರು ತಗ್ಗಿ, ಮಂಜು ಹೋಗಿ ದಪ್ಪ ಹನಿ ಬೀಳಾಕತ್ತಿದ್ವು. ಅವ್ವ ಪ್ಲಾಸ್ಟಿಕ್ ಸ್ಪ್ರೇ ಬಾಟ್ಲಿ ತಂದಿಟ್ಟಳು. ಅಪ್ಪ ಮುಟ್ಟಲಿಲ್ಲ. ಕಡೀಕ ಅವ್ವನೇ ಕೈಲೆ ನೀರು ಚಿಮುಕಿಸಿ ಕೊಡತೊಡಗಿದಳು.

ಹಾಸಿಗಿ ಹಿಡಿದ ಮ್ಯಾಲ ಒಂದು ಮುಂಜಾನೆ ಅಪ್ಪ ಗ್ಲಾಸು, ಕೊಳವಿ ಕೇಳಿದ. ದಿಂಬು ಕೊಟ್ಟು ಕೂಡಿಸಿದೆ. "ಮುಖ ಒಡ್ಡವ್ವ" ಅಂದ. ನಾನು ಮದುವಿಯಾದಾಕಿ, ಮಗಳಿರೋ ತಾಯಿ, ಕಣ್ಣು ಮುಚ್ಚಿ ಬಗ್ಗಿ ನಿಂತೆ. ಒಂದು ಬಿಸಿ ಉಸಿರು ಗಲ್ಲಕ್ಕ ತಾಗಿತು. ನೀರು ಬರಲಿಲ್ಲ. ಕಣ್ಣು ತೆರೆದ್ರ ಅಪ್ಪ ಸುಸ್ತಾಗಿ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದ.

"ಬಂತೇನವ್ವ?"

"ಬಂತಪ್ಪಾ. ತಂಪಾತು."

ಸೆರಗು ತಗೊಂಡು ನನ್ನ ಒಣ ಮುಖ ಒರೆಸಿಕೊಂಡೆ, ಆ ಸಪ್ಪಳ ಅವನಿಗೆ ಕೇಳಲಿ ಅಂತ.